ಹಾವಗೆಪ್ಪ ತಿಳಿಸಿ ಹೇಳಿದ ಸಿನೆಮಾ

ಊರ ಹೊರಗಿನ ತಂಬೂ ಟಾಕೀಸಿಗೆ ಕನ್ನಡ ಸಿನೆಮಾ ಬರುತ್ತದೆಂದು ಟಾಂಗಾಕ್ಕೆ ಭೋಂಗಾ ಕಟ್ಟಿ ಭಾಲ್ಕಿಯ ತುಂಬ ಸಾರಿಹೋದ ದಿನ, ಹಾವಗೆಪ್ಪ ತನ್ನ ಮನೆಯ ಕಟ್ಟೆಯ ಮೇಲೆ ನಿಂತು ಒಂದು ಪ್ರತಿಜ್ಞೆ ಮಾಡಿದ. ಆ ಸಿನೆಮಾದ ಒಂದೇ ಒಂದು ಮಾತನ್ನೂ ನೆಲಕ್ಕೆ ಬೀಳಗೊಡದೆ, ಎಲ್ಲವನ್ನೂ ಹಿಡಿದು, ಓಣಿಯ ಹೆಂಗಸರ ಕಿವಿಗೆ ಮುಟ್ಟಿಸುವ ಹೊಣೆ ಇನ್ನು ತನ್ನದು!

ಹಾಗೆ ನೋಡಿದರೆ ಓಣಿಯವರಿಗೆ ಕನ್ನಡ ಬಾರದೆ ಇರಲಿಲ್ಲ. ಬೆಳಗಾದರೆ ಅದರಲ್ಲೇ ಜಗಳವಾಡಿ ಸಂಜೆಯಾದರೆ ಅದರಲ್ಲೇ ರಾಜಿಯಾಗುತ್ತಿದ್ದರು. ಆದರೆ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನಿನ್ನೆಯತನಕ ಉರ್ದುವಿನಲ್ಲಿ ನಡೆದ ಕಚೇರಿಗೆ ಮೈಸೂರು ಕಡೆಯಿಂದ ಕನ್ನಡದ ಕಾಗದಗಳು ಬರತೊಡಗಿದ್ದವು. ಅವನ್ನು ಓದುವುದು ಕಲಿಯಲೆಂದು ಸರಕಾರ ಹಾವಗೆಪ್ಪನನ್ನು ಮೈಸೂರಿಗೆ ತರಬೇತಿಗೆ ಕಳಿಸಿತ್ತು. ಅಲ್ಲಿಂದ ಅವನು ಗಂಧದ ಊದುಬತ್ತಿ, ಕರಿಯ ಕೋಟು ಮತ್ತು ಮಾತಿನ ಕೊನೆಗೆ "ಅಲ್ವೇ" ಎನ್ನುವ ಚಾಳಿ ಹೊತ್ತು ತಂದಿದ್ದ. ಊದುಬತ್ತಿ ಮುಗಿಯಿತು. "ಅಲ್ವೇ" ಮುಗಿಯಲಿಲ್ಲ. ಬರೀ ಉರ್ದು ಬಲ್ಲ ಅವನ ಸಾಹೇಬರಂತೂ ಮೈಸೂರಿನ ಕಾಗದವೆಂದರೆ ತಾವು ನೋಡದೆಯೇ ಹಾವಗೆಪ್ಪನ ಕೈಗಿಟ್ಟು, ಅವನು ಏನು ಹೇಳಿದರೆ ಅದಕ್ಕೆ ಸಹಿ ಹಾಕುತ್ತಿದ್ದರು.

"ನಾವೂ ಕನ್ನಡಾನೇ ಮಾತಾಡ್ತೇವಲ್ಲೋ?" ಎಂದು ತಾಯಿ ರುಕ್ಮಿಣಿಬಾಯಿ ಕೇಳಿದಳು.

"ನಾವು ಆಡೋದು ಮಾತು ಅವ್ವಾ. ಅವರದು ಭಾಷಾ."

ಮೈಸೂರು ಕಡೆಯ ನಿಜವಾದ ಮನುಷ್ಯರು ಅದೇ ಓಣಿಯ ತುದಿಯಲ್ಲಿದ್ದರು. ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ತರರು, ಅವರ ಹೆಂಡತಿ ಪುಟ್ಟತಾಯಮ್ಮ. ಆದರೆ ಪುಟ್ಟತಾಯಮ್ಮ ಮಾತಾಡಿಸಿದಾಗಲೆಲ್ಲ ಹಾವಗೆಪ್ಪನಿಗೆ ಕಚೇರಿಗೆ ಹೊತ್ತಾಗುತ್ತಿತ್ತು. ರವಿವಾರವೂ ಹೊತ್ತಾಗುತ್ತಿತ್ತು.

ಇನ್ನು ಸಿನೆಮಾದ ವಿಷಯದಲ್ಲಿ ಓಣಿಯವರು ಯಾರಿಗೂ ಕಡಿಮೆಯಿರಲಿಲ್ಲ. ಹಿಂದಿ, ಮರಾಠಿ ಸಿನೆಮಾಗಳನ್ನು ನೋಡಿ ನೋಡಿ ಎಲ್ಲರ ಬಳಿಯೂ ಒಂದೊಂದು ತಕ್ಕಡಿ ತಯಾರಾಗಿತ್ತು. ಪಕ್ಕದ ಮನೆಯ ವಜೀರಬೀ ಹಾಡಿನಿಂದ ತೂಗುತ್ತಿದ್ದಳು. ಮನೆಗೆ ಬರುವ ದಾರಿಯಲ್ಲಿ ಎರಡು ಹಾಡು ಬಾಯಿಗೆ ಬಂದರೆ ಸಿನೆಮಾ ಚಲೋ, ಬಾರದಿದ್ದರೆ ಬೇಕಾರ. ರುಕ್ಮಿಣಿಬಾಯಿ ಸೆರಗು ಎಷ್ಟು ಒದ್ದೆಯಾಯಿತು ಎಂದು ನೋಡುತ್ತಿದ್ದಳು. ಹಾಗೆಂದು ಅಳಿಸಿದವರನ್ನೆಲ್ಲ ಆಕೆ ಹೊಗಳುತ್ತಿರಲಿಲ್ಲ. ಹಳೆಯದೊಂದು ಭಕ್ತಿಯ ಸಿನೆಮಾದಲ್ಲಿ ನಾಯಕಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ್ದಕ್ಕೆ ತಂಬುವಿನ ಜನವೆಲ್ಲ ಕೈಮುಗಿದಿದ್ದರು. ರುಕ್ಮಿಣಿಬಾಯಿ ಮಾತ್ರ ಇವತ್ತಿಗೂ ಆ ಮಾತು ಬಂದರೆ, "ಹಾಡು ಮುಗಿಯೋತನಕ ಒಂದು ಹಿಡಿ ಕಾಳರೆ ಹಾಕಿದಳೇನು? ಸುಮ್ನ ಕಲ್ಲು ಸವಸಿದಳು" ಎನ್ನುತ್ತಿದ್ದಳು.

ಸೊಸೆ ವಿಮಲಾಬಾಯಿಯ ಅಭಿಪ್ರಾಯ ಯಾವಾಗಲೂ ಒಂದೇ. ಸಿನೆಮಾ ಹೇಗಿತ್ತೆಂದು ಯಾರು ಕೇಳಿದರೂ "ಚಲೋ ಇತ್ತುರಿ" ಎಂದು ರೊಟ್ಟಿ ಬಡಿಯಲು ಕೂರುತ್ತಿದ್ದಳು. ಮದುವೆಯಾಗಿ ಬಂದ ಹೊಸತರಲ್ಲಿ ಆ ರೊಟ್ಟಿಗಳನ್ನು ಅತ್ತೆ ಚಕ್ಕಡಿಯ ಗಾಲಿಗೆ ಹೋಲಿಸಿದ್ದಳು. ಈಗೀಗ ಹೂವಿಗೆ ಹೋಲಿಸುವಷ್ಟು ಮೆತ್ತಗಾಗಿದ್ದಳು. ಆ ಗಾಲಿಯಿಂದ ಈ ಹೂವಿನತನಕ ಬರಲು ವಿಮಲಾಬಾಯಿಗೆ ಮೂರು ವರ್ಷ ಹಿಡಿದಿತ್ತು.

ಸಿನೆಮಾದ ದಿನ ತಂಬುವಿನ ನಡುವೆ, ಗಂಡಸರಿಗೂ ಹೆಂಗಸರಿಗೂ ಅಡ್ಡವಾಗಿ ಚಾದರ ಕಟ್ಟಿದ್ದರು. ಹಾವಗೆಪ್ಪ ಈಚೆ ಕಡೆ ಚಾದರಕ್ಕೆ ಆತು ಕುಳಿತ. ಆಚೆ ತಾಯಿ, ಹೆಂಡತಿ, ವಜೀರಬೀ. ತಾಯಿಗೆ ಕಿವಿ ಮಂದವಾದ್ದರಿಂದ ಅವನು ಗಟ್ಟಿಯಾಗಿ ಹೇಳಬೇಕಾಯಿತು. ಹಾಗಾಗಿ ಅವನ ವಿವರಣೆ ಹೆಂಗಸರ ಕಡೆಗೆಲ್ಲ ಪುಕ್ಕಟೆ ಸಿಕ್ಕಿತು. ತೀರ ಹಿಂದಿನ ಸಾಲಿಗೆ ವಜೀರಬೀ ಅದನ್ನು ತನ್ನ ದಖನಿ ಉರ್ದುವಿನಲ್ಲಿ ತಿರುಗಿಸಿ ದಾಟಿಸುತ್ತಿದ್ದಳು.

ಮೊದಲ ರೀಲು ಸುಖವಾಗಿ ಕಳೆಯಿತು. ಹೊರಗೆ ಡೈನಮೋ ಗುಡುಗುತ್ತಿತ್ತು, ಒಳಗೆ ಪಾತ್ರಗಳು ಓಡುವ ಬಸ್ಸಿನ ಹಾಗೆ ಮಾತಾಡುತ್ತಿದ್ದವು. ಹಾವಗೆಪ್ಪ ಎದೆಗುಂದಲಿಲ್ಲ. ಈಕೆ ಅತ್ತೆ, ಈಕೆ ಸೊಸೆ, ಸೊಸೆ ಬಡವರ ಮಗಳು ಎಂದು ತಿಳಿಸಿ ಹೇಳಿದ. ಅದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆದರೂ ಹೇಳಿಸಿಕೊಂಡ ಮೇಲೆ ಹೆಚ್ಚು ಸ್ಪಷ್ಟವಾಗಿ ಕಂಡಂತಾಗಿ ಹೆಂಗಸರು ತಲೆದೂಗಿದರು.

ಅಷ್ಟರಲ್ಲಿ ಸಿನೆಮಾದ ಅತ್ತೆ ಹಾಸಿಗೆ ಹಿಡಿದಳು. ಸೊಸೆ ಬಟ್ಟಲು ಹಿಡಿದು ಬಂದು, ಹಾಸಿಗೆಯ ಅಂಚಿಗೆ ಕುಳಿತು, ನಿಧಾನವಾಗಿ ಅಂದಳು: "ಅತ್ತೇ, ಮದ್ದು ತಂದಿದೀನಿ, ಕುಡೀರಿ."

ಇಡೀ ಸಿನೆಮಾದಲ್ಲಿ ಎಲ್ಲರ ಕಿವಿಗೂ ಸ್ವಚ್ಛವಾಗಿ ಬಿದ್ದ ಮಾತು ಅದೊಂದೇ. ಈ ಸೀಮೆಯಲ್ಲಿ ಬೇನೆಗೆ ಕೊಡುವುದು ದವಾ. ಮದ್ದು ಎಂದರೆ ಬೇರೆಯೇ. ಆಗದವರು ಅನ್ನದಲ್ಲಿ ಕಲಸಿ ಗೊತ್ತಾಗದಂತೆ ಹಾಕುವುದು. ಒಂದೋ ಮನುಷ್ಯನನ್ನು ಒಣಗಿಸುವುದು, ಇಲ್ಲವೇ ಮರುಳುಮಾಡಿ ಕೈಗೊಂಬೆ ಮಾಡಿಕೊಳ್ಳುವುದು.

ಹಾವಗೆಪ್ಪ ಚಾದರಕ್ಕೆ ಬಾಯಿ ಹಚ್ಚಿದ. "ಅವ್ವಾ," ಎಂದ, "ಸೊಸಿ ಅತ್ತಿಗಿ ಮದ್ದು ಹಾಕ್ಲತ್ತಾಳ."

"ಹೌದೋ ಮಗಾ, ನನಗೂ ಕೇಳ್ತು."

ವಜೀರಬೀ ಅದನ್ನು "ಜಹರ" ಎಂದು ಮಾಡಿ, ಸೀದಾ ವಿಷವಾಗಿಸಿ, ಹಿಂದಕ್ಕೆ ಕಳಿಸಿದಳು. ತೆರೆಯ ಮೇಲಿನ ಅತ್ತೆ ಬಟ್ಟಲು ಎತ್ತಿ ಕುಡಿದು ಮುಖ ಕಿವಿಚಿದಳು. ಸರಿಯಾಗಿ ಆಗಲೇ ರೀಲು ಕಡಿಯಿತು. ಹೆಂಗಸರ ಕಡೆ ಕೂಸುಗಳೂ ಅಳು ನಿಲ್ಲಿಸಿ ಕತ್ತಲಲ್ಲಿ ತಾಯಂದಿರ ಮುಖ ಹುಡುಕಿದವು.

ಅಲ್ಲಿಂದ ಮುಂದೆ ಹಾವಗೆಪ್ಪನಿಗೆ ಯಾವ ಕಷ್ಟವೂ ಇರಲಿಲ್ಲ. ಸಿನೆಮಾ ತಾನಾಗಿ ಅವನ ಹಿಂದೆ ಬಂತು. ಅತ್ತೆ ಎದ್ದು ಕುಳಿತು ಸೊಸೆಯ ತಲೆ ನೇವರಿಸಿದಳು, ಮದ್ದು ಏರಿತು. ತಿಜೋರಿಯ ಕೀಲಿಕೈ ಅವಳ ಸೆರಗಿಗೆ ಕಟ್ಟಿದಳು, ಪೂರಾ ಏರಿತು. ಕೊನೆಗೆ ಹೆತ್ತ ಮಗನನ್ನೇ ಬೈದು ಸೊಸೆಯ ಕಡೆ ನಿಂತಳು. ಇನ್ನು ಹೇಳುವುದೇನು ಉಳಿಯಿತು?

ತಂಬುವಿನ ಹೊರಗೆ ತೀರ್ಪು ಆಗಲೇ ಆಗಿಹೋಗಿತ್ತು. ಇಂಥ ಸಿನೆಮಾ ತಾನು ಹುಟ್ಟಿದಾಗಿನಿಂದ ನೋಡಿಲ್ಲವೆಂದು ರುಕ್ಮಿಣಿಬಾಯಿ ಸಾರಿದಳು. "ಹಿಂದಿ ಸಿನೆಮಾದಾಗ ಕೆಟ್ಟವರಿಗಿ ಮೀಸಿ ಇರ್ತಾವ, ಗುರ್ತು ಸಿಗ್ತದ. ಇದರಾಗ ನೋಡ್ರಿ, ಕೆಟ್ಟಾಕಿ ಕುಂಕುಮ ಹಚ್ಕೊಂಡು ನಗ್ತಾಳ." ಹಾಡು ಏನೂ ಇಲ್ಲವೆಂದು ವಜೀರಬೀ ಮೊದಲು ಕೊರಗಿದರೂ, ಅಷ್ಟು ಮೆತ್ತನೆಯ ಮುಖ ಹೊತ್ತು ಅಷ್ಟು ದುಷ್ಟತನ ಮಾಡಿದ ಆ ಹುಡುಗಿಯ ಕಲೆಗೆ ಹಾಡೆಲ್ಲ ಮಾಫಿ ಎಂದಳು. ಖಟಕ ಚಿಂಚೋಳಿಯಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು, ಇಷ್ಟೆಲ್ಲ ಮಾಡಿದವಳಿಗೆ ಕೊನೆಗೂ ಶಿಕ್ಷೆಯಾಗಲಿಲ್ಲವಲ್ಲ ಎಂದು ಕೇಳಿದಾಗ, ಅದೇ ಹೊಸ ನಮೂನೆ ಎಂದು ಹಾವಗೆಪ್ಪ ಕೋಟಿನ ಗುಂಡಿ ಹಾಕಿಕೊಂಡ. "ನೋಡಿದವರೇ ಶಿಕ್ಷೆ ವಿಚಾರ ಮಾಡಬೇಕು, ಅಲ್ವೇ?"

ವಿಮಲಾಬಾಯಿ ಅಂದಳು, "ಚಲೋ ಇತ್ತುರಿ."

ಮರುದಿನ ಬೆಳಗ್ಗೆ ಆಕೆ ಎಂದಿನಂತೆ ಅತ್ತೆಯ ಕೆಮ್ಮಿಗೆ ಕಾಢಾ ಕಾಯಿಸಿ ಬಟ್ಟಲಲ್ಲಿ ತಂದಳು. ಬಟ್ಟಲು, ಸೊಸೆ, ಹಾಸಿಗೆಯ ಅಂಚು. ರುಕ್ಮಿಣಿಬಾಯಿ ಸೊಸೆಯ ಹಣೆಯ ಕುಂಕುಮ ನೋಡಿದಳು. ಆಮೇಲೆ ಕುಡಿಯುತ್ತೇನೆಂದು ಇಸಿದುಕೊಂಡು, ಹಿತ್ತಲಿಗೆ ಹೋಗಿ ನುಗ್ಗೆಯ ಗಿಡದ ಬುಡಕ್ಕೆ ಸುರಿದಳು. ವಿಮಲಾಬಾಯಿ ಅದನ್ನು ಕಿಟಕಿಯಿಂದ ಕಂಡು, ಬಟ್ಟಲು ತೊಳೆದಿಟ್ಟಳು. ಅವಳ ಕಣ್ಣು ಕೆಂಪಾಗಿದ್ದುದನ್ನು ಹಾವಗೆಪ್ಪ ಒಲೆಯ ಹೊಗೆ ಎಂದುಕೊಂಡ.

ಮಧ್ಯಾಹ್ನದಿಂದ ಅಡುಗೆ ರುಕ್ಮಿಣಿಬಾಯಿಯದೇ. ಸೊಸೆಗೆ ದಣಿವಾಗಿದೆ ಎಂಬುದು ನೆಪ. ಓಣಿಯಲ್ಲಿ ಇನ್ನೂ ನಾಲ್ಕಾರು ಮನೆಗಳಲ್ಲಿ ಸೊಸೆಯಂದಿರಿಗೆ ಅದೇ ದಿನ ದಣಿವಾಯಿತು. ವರ್ಷಗಟ್ಟಲೆ ಒಲೆಯ ಮುಖ ನೋಡದ ಅತ್ತೆಯಂದಿರು ಬೆವರೊರೆಸುತ್ತ ರೊಟ್ಟಿ ಬಡಿದರು. ಸೊಸೆಯಂದಿರು ಕಟ್ಟೆಗೆ ಕುಳಿತು ಪರಸ್ಪರ ತಲೆ ಬಾಚಿಕೊಂಡರು. ಹಾವಗೆಪ್ಪನ ಪಾಡು ಮಾತ್ರ ಹದಗೆಟ್ಟಿತು. ಹೆಂಡತಿ ಕೈಯಿಂದ ನೀರು ಇಸಿದುಕೊಂಡರೂ ತಾಯಿ ಓಡಿ ಬಂದು ಮೊದಲು ತಾನು ಕುಡಿದು ನೋಡುತ್ತಿದ್ದಳು. ಪ್ರತಿ ಸಲ ಅವನಿಗೆ ಅರ್ಧ ಲೋಟವೇ ಉಳಿಯುತ್ತಿತ್ತು. ಕೆಮ್ಮಿಗೆ ಮಾತ್ರ ಆಕೆ ಈಗ ಹೋಗುತ್ತಿದ್ದುದು ವಜೀರಬೀಯ ಮನೆಗೆ. ವಜೀರಬೀ ಕೊಡುವ ಜೋಶಾಂದಾ ಕಷಾಯ ಅಮೃತ, ತನ್ನ ಸೊಸೆಯ ಕಾಢಾ ಅದರ ಮುಂದೆ ಕಲಗಚ್ಚು ಎಂದು ಊರಿಗೆಲ್ಲ ಹೇಳಿದಳು.

ಇತ್ತ ಖಟಕ ಚಿಂಚೋಳಿಯ ಆ ಹೆಂಗಸು ಬಸ್ಸು ಹತ್ತಿದಾಗ ಅವಳ ಬಳಿ ಸಿನೆಮಾದ ಕಥೆಯಿತ್ತು. ಬಸ್ಸು ಇಳಿಯುವ ಹೊತ್ತಿಗೆ ಸಿನೆಮಾ ಎಲ್ಲೋ ದಾರಿಯಲ್ಲಿ ಇಳಿದುಹೋಗಿ ಕಥೆಯಷ್ಟೇ ಉಳಿದಿತ್ತು. ಭಾಲ್ಕಿಯಲ್ಲಿ ಸೊಸೆಯೊಬ್ಬಳು ಅತ್ತೆಗೆ ಜಹರ ಹಾಕಿದಳು. ಹೇಳಿದವನು ಬೇರೆ ಯಾರೂ ಅಲ್ಲ, ಖುದ್ದು ಹಾವಗೆಪ್ಪ. ಹಾವಗೆಪ್ಪನ ಅವ್ವನಿಗೆ ಇರುವವಳು ಒಬ್ಬಳೇ ಸೊಸೆ. ಆ ಸೊಸೆಯ ತವರು ಅದೇ ಊರು.

ಶನಿವಾರ ಹಾವಗೆಪ್ಪ ಕಚೇರಿಯಿಂದ ಬಂದಾಗ ಮಾವ ಶಿವರಾಜಪ್ಪ ಪಡಸಾಲೆಯಲ್ಲಿ ನಿಂತಿದ್ದರು. ಕೂಡಲೊಲ್ಲರು, ನೀರು ಮುಟ್ಟಲೊಲ್ಲರು. ಬಾಗಿಲ ಬಳಿ ವಿಮಲಾಬಾಯಿಯ ಟ್ರಂಕು ಕಟ್ಟಿ ಇಟ್ಟಿತ್ತು.

"ನನ್ನ ಮಗಳ ಮ್ಯಾಲ ಇಂಥಾ ಹೆಸರು ಇಟ್ಟ ಮನ್ಯಾಗ ಆಕಿನ್ನ ಬಿಡಾಂಗಿಲ್ರಿ," ಎಂದು ಅವರು ಸಣ್ಣ ದನಿಯಲ್ಲಿ ಅಂದರು. "ಸಂಜಿ ಬಸ್ಸಿಗಿ ಕರ್ಕೊಂಡು ಹೋಗ್ತೇನಿ."

ರುಕ್ಮಿಣಿಬಾಯಿ ಉತ್ತರ ಕೊಡಲು ಬಾಯಿ ತೆರೆದಳು. ಗಾಬರಿಗೆ ಕೆಮ್ಮು ಒತ್ತರಿಸಿ ಬಂತು. ಅದೇ ವೇಳೆಗೆ ಪುಟ್ಟತಾಯಮ್ಮ ಇಸಿದುಕೊಂಡು ಹೋದ ಮೊರ ತಿರುಗಿ ಕೊಡಲು ಒಳಗೆ ಬಂದರು.

"ಇನ್ನೂ ಕೆಮ್ಮು ಹೋಗಿಲ್ವಾ ಅಮ್ಮಾ? ಬನ್ನಿ, ನಾನು ಮದ್ದು ಕೊಡ್ತೀನಿ. ನಮ್ಮತ್ತೆಗೂ ದಿನಾ ನಾನೇ ಕೊಡ್ತಿದ್ದೆ."

ರುಕ್ಮಿಣಿಬಾಯಿ ಕಂಬದ ಹಿಂದೆ ಸರಿದು, ಆ ಅತ್ತೆ ಈಗ ಎಲ್ಲಿದ್ದಾರೆ ಎಂದು ಕೇಳಿದಳು.

"ತೀರ್ಕೊಂಡ್ರು, ಪಾಪ."

ಅಷ್ಟು ಹೊತ್ತು ಕೂಡಲೊಲ್ಲೆನೆಂದ ಶಿವರಾಜಪ್ಪ ಟ್ರಂಕಿನ ಮೇಲೆ ಕುಳಿತುಬಿಟ್ಟರು. "ಈಕಿ ಬಾಯಿಬಿಟ್ಟೇ ಹೇಳ್ಲತ್ತಾಳಲ್ಲೋ," ಎಂದು ರುಕ್ಮಿಣಿಬಾಯಿ ಮಗನ ತೋಳು ಹಿಡಿದಳು. "ಕೇಳು, ಇನ್ನ ಎಷ್ಟು ಮಂದಿಗಿ ಹಾಕ್ಯಾಳ ಕೇಳು."

ಕಚೇರಿಗೆ ಹೊತ್ತಾಯಿತು ಎನ್ನಲು ಹಾವಗೆಪ್ಪ ಈಗಷ್ಟೇ ಕಚೇರಿಯಿಂದ ಬಂದಿದ್ದ. ಮದ್ದು ಎಂದರೆ ಎಂಥದು ಎಂದು ತೊದಲುತ್ತ ಕೇಳಿದ. ಪುಟ್ಟತಾಯಮ್ಮ ಓಡುವ ಬಸ್ಸಿನ ಹಾಗೆಯೇ ಹೇಳಿದರು. ಶುಂಠಿ, ಮೆಣಸು, ತುಳಸಿ ಹಾಕಿ ಕುದಿಸಿದ್ದೂ ಮದ್ದು, ಡಾಕ್ಟರು ಕೊಡುವ ಶೀಶೆಯೂ ಮದ್ದು, ಕೂಸಿನ ಜ್ವರಕ್ಕೆ ಕೊಡುವುದೂ ಮದ್ದು. ಅತ್ತೆ ಅದನ್ನು ಕುಡಿದು ಎಂಬತ್ತು ದಾಟಿ ಬದುಕಿದ್ದರು.

ಹಾವಗೆಪ್ಪನ ಕಣ್ಣ ಮುಂದೆ ಇಡೀ ಸಿನೆಮಾ ಹಿಂದಕ್ಕೆ ಓಡಿತು. ಕೀಲಿಕೈ ಸೆರಗಿನಿಂದ ಬಿಚ್ಚಿಕೊಂಡಿತು, ನೇವರಿಸಿದ ಕೈ ಹಿಂದೆ ಸರಿಯಿತು, ಬಟ್ಟಲು ಬಂದು ಹಾಸಿಗೆಯ ಅಂಚಿಗೆ ನಿಂತಿತು. ಅದರಲ್ಲಿ ಬರೀ ಶುಂಠಿ ಇತ್ತು.

ಆ ವೇಗದ ಮಾತು ತಾಯಿಗೂ ಮಾವನಿಗೂ ತಿಳಿದಿರಲಿಲ್ಲ. ಅವನು ಏನು ಹೇಳಿದರೂ ನಡೆಯುತ್ತಿತ್ತು. ಒಳಬಾಗಿಲಲ್ಲಿ ವಿಮಲಾಬಾಯಿ ನಿಂತು ಅವನನ್ನೇ ನೋಡುತ್ತಿದ್ದಳು. ಹಾವಗೆಪ್ಪ ಕೋಟು ಬಿಚ್ಚಿ ಗೂಟಕ್ಕೆ ಹಾಕಿದ. ಕೋಟು ಹಾಕಿಕೊಂಡು ಹೇಳುವ ಮಾತಾಗಿರಲಿಲ್ಲ ಅದು.

"ಅವ್ವಾ, ಮದ್ದು ಅಂದ್ರ ಅವರ ಕಡಿ ದವಾ. ನನಗ ತಿಳೀಲಿಲ್ಲ."

ರುಕ್ಮಿಣಿಬಾಯಿ ಕೆಮ್ಮು ತಡೆದು ಕೇಳಿದಳು, "ಹಂಗಾರ ಸಿನೆಮಾದಾಕಿ?"

"ಚಲೋ ಹುಡುಗಿ."

"ಅತ್ತಿ ಕೀಲಿ ಕೊಟ್ಟಿದ್ದು?"

"ಪ್ರೀತಿಲೆ ಕೊಟ್ಟಾಳ."

"ಇಷ್ಟೇ ಏನು? ಮತ್ತ ಇದಕ್ಕ ತಂಬೂ ಯಾಕ, ಟಿಕೀಟ ಯಾಕ?" ಎಂದು ರುಕ್ಮಿಣಿಬಾಯಿ ಸಿಡುಕಿದಳು. "ಬ್ಯಾಸರದ ಸಿನೆಮಾ."

ಶಿವರಾಜಪ್ಪ ಟ್ರಂಕಿನ ಮೇಲೆಯೇ ನಗತೊಡಗಿದರು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳುತ್ತಿದ್ದ ವಜೀರಬೀಗೂ ತಡೆಯಲಾಗಲಿಲ್ಲ. ಆಕೆ ಬಂದು, ತನಗೆ ಜೋಶಾಂದಾ ಮಾಡಲು ಬರುವುದೇ ಇಲ್ಲ ಎಂದಳು. ವಾರವಿಡೀ ವಿಮಲಾಬಾಯಿ ಕಾಢಾ ಕಾಯಿಸಿ ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದಳು, ವಜೀರಬೀ ಬಟ್ಟಲು ಬದಲಿಸಿ ಕೊಡುತ್ತಿದ್ದಳು.

ರುಕ್ಮಿಣಿಬಾಯಿ ಸೊಸೆಯ ಕಡೆ ತಿರುಗಿದಳು. ಮುಖ ಬಿಗಿಯಾಗಿಯೇ ಇತ್ತು. ದನಿ ಮಾತ್ರ ಎಲ್ಲೋ ಒದ್ದೆಯಾಗಿತ್ತು. "ಅಂದ್ರ ಕಡೀಗಿ ನೀ ನನಗ ಮದ್ದು ಹಾಕೇ ಬಿಟ್ಟಿ." ಆಮೇಲೆ, "ಹೋಗು, ನಾಕು ರೊಟ್ಟಿ ಬಡಿ. ನನ್ನ ಕೈಲಿಂದು ನನಗೇ ಸೇರವಲ್ದು. ನಿಮ್ಮಪ್ಪ ಉಪಾಸ ಅದಾನ."

ಸಂಜೆಯ ಬಸ್ಸು ಟ್ರಂಕಿಲ್ಲದೆ ಹೋಯಿತು. ಎಲ್ಲರ ಊಟವಾದ ಮೇಲೆ ಹಾವಗೆಪ್ಪ ಅಡುಗೆಮನೆಯಲ್ಲಿ ಹೆಂಡತಿಯೆದುರು ಕುಳಿತು, ಅವಳಿಗೆ ಇದೆಲ್ಲ ಯಾವಾಗ ತಿಳಿಯಿತೆಂದು ಕೇಳಿದ.

"ತಂಬೂದಾಗೇ ತಿಳಿದಿತ್ರಿ. ಪುಟ್ಟತಾಯವ್ವಾರು ತಮ್ಮ ಕೂಸಿಗಿ ಜ್ವರ ಬಂದಾಗ ದವಾಕ್ಕ ಹಂಗೇ ಅಂದಿದ್ರು."

"ಮತ್ತ ಹೇಳಬಾರದಿತ್ತೇನು?"

"ಅಷ್ಟು ಮಂದಿ ನಿಮ್ಮ ಮಾತು ನಂಬಿ ಕೂತಿದ್ರು. ಅವರ ನಡುವ ನಾ ಹ್ಯಾಂಗ ಹೇಳ್ಲಿ?" ಆಕೆ ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದಳು. "ಮೊದಲನೇ ದಿನ ಅಳು ಬಂತ್ರಿ. ಆಮ್ಯಾಲ ಅತ್ತಿ ಕೈಯಂದು ಉಂಡು ಉಂಡು ಜರಾ ಮೈ ಹಿಡದೀನಿ."

ಹಾವಗೆಪ್ಪನ ಜೀವ ತಣ್ಣಗಾಯಿತು. ನಗುತ್ತ ಎರಡನೆಯ ತುತ್ತು ಎತ್ತಿದ. ವಿಮಲಾಬಾಯಿ ಒಲೆಯ ಬೂದಿ ಸರಿಸುತ್ತ, ಸುಮ್ಮನೆ ಕೇಳುವ ಹಾಗೆ ಕೇಳಿದಳು:

"ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕಚೇರಿಗಿ ಮೈಸೂರಿಂದ ಕಾಗದ ಬರ್ತಾವಲ್ರಿ, ಸಾಹೇಬರಿಗಿ ನೀವೇ ತಿಳಿಸಿ ಹೇಳ್ತೀರಲ್ರಿ... ಅವನ್ನೂ ಹಿಂಗೇ ಹೇಳ್ತೀರೇನ್ರಿ?"

ತುತ್ತು ಬಾಯಿಯ ಹತ್ತಿರವೇ ನಿಂತಿತು.

ಮರುದಿನ ರವಿವಾರ. ಹೊತ್ತು ಮೂಡುವ ಮೊದಲೇ ಹಾವಗೆಪ್ಪ ಓಣಿಯ ತುದಿಗೆ ಹೋಗಿ ಪುಟ್ಟತಾಯಮ್ಮನವರ ಬಾಗಿಲು ಬಡಿದ. ಹೆಡ್‌ಮಾಸ್ತರರು ಪುರುಸೊತ್ತಾಗಿದ್ದರೆ, ಮೈಸೂರಿನ ಹಳೆಯ ಕಾಗದಗಳನ್ನು ಇನ್ನೊಮ್ಮೆ ಓದಿ ಹೇಳಲು ತನ್ನ ಜೊತೆ ಜರಾ ಕಚೇರಿತನಕ ಬರಬೇಕೆಂದು ಕೈಮುಗಿದು ಕೇಳಿದ. ಆ ದಿನ ಅವನಿಗೆ ನಿಜವಾಗಿಯೂ ಕಚೇರಿಗೆ ಹೊತ್ತಾಗಿತ್ತು.