ಮುಂದಿನ ಸಲ ಕಿಡಕಿ

ಬೇರೆಯವರ ಮನೆಯ ಜನ ಊರಿಗೆ ಹೋಗುತ್ತಾರೆ, ಬರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹೊರಡುವ ಮೊದಲೇ ಅರ್ಧ ನಗೆಪಾಟಲು ಆಗಿಹೋಗಿರುತ್ತದೆ. ನಾನು ರೈಲ್ವೆಯಲ್ಲಿ ಟಿಕೆಟ್ ಕೊಡುವ ಗುಮಾಸ್ತನಾಗಿ ಆಯುಷ್ಯದ ದೊಡ್ಡ ಪಾಲನ್ನು ಲೋಂಡಾದಲ್ಲಿ ಕಳೆದವನು. ಕಿಡಕಿ ಬಾಜು ಸೀಟು ಕೊಡ್ರಿ ಎಂದು ಗೋಗರೆದವರನ್ನು ಬೇಕಾದಷ್ಟು ನೋಡಿದ್ದೇನೆ. ಕಡೆಗೆ ಒಂದು ಕಿಡಕಿಯ ಸಲುವಾಗಿ ನನ್ನ ಮನೆಯಲ್ಲೇ ಪಂಚಾಯಿತಿ ಕೂತಿತು. ಅದರಲ್ಲಿ ಗೆದ್ದ ನಮ್ಮಾಕಿ ಈಗ ಇಲ್ಲ. ಸಮಾಧಾನ ಹೇಳಲು ಬಂದವರಿಗೆ ನಾನು ಈ ಪ್ರಸಂಗಗಳನ್ನೇ ಹೇಳುತ್ತೇನೆ. ನಗಬೇಕೋ ಬೇಡವೋ ತಿಳಿಯದೆ ಅವರು ಚಹಾದ ಕಪ್ಪು ನೋಡುತ್ತ ಕೂಡುತ್ತಾರೆ. ನೀವು ನಗಬಹುದು. ಅವಳೂ ನಕ್ಕಿದ್ದಳು.

ಖೋಲಿ ತೋರಸ್ರಿ

ಲೋಂಡಾದಲ್ಲಿದ್ದಾಗ ಗೋವಾದ ಗಾಡಿಗಳು ನಮ್ಮ ಕ್ವಾರ್ಟರ್ಸಿನ ಮುಂದೆಯೇ ಹಾದು ಹೋಗುತ್ತಿದ್ದವು. ನಮ್ಮಾಕಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ, “ಇವ್ರೆಲ್ಲಾ ಸಮುದ್ರ ನೋಡಾಕ ಹೊಂಟಾರ, ನಾವು ಇವ್ರನ್ನ ನೋಡಾಕ ಕುಂತೇವಿ” ಎನ್ನುತ್ತಿದ್ದಳು. ಒಮ್ಮೆ ಗೋವಾಕ್ಕೆ ಕರೆದುಕೊಂಡು ಹೋದೆ. ದಂಡೆಯ ಮೇಲೆ ನಿಂತು ನೋಡಿ, “ಇದು ಒಂದ ಕಡೆ ಐತ್ರಿ. ನಾಕೂ ಕಡೆ ನೀರ ಇದ್ರ ಹೆಂಗ ಕಾಣತೈತೋ ಏನೋ” ಎಂದಳು. ಆ ಮಾತು ಅಲ್ಲಿಗೇ ಉಳಿಯಿತು. ನಾನು ನಿವೃತ್ತನಾಗಿ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ ಮಾಡಿದ ಮೇಲೆ ಅವಳಿಗೆ ಹೊಟ್ಟೆಯ ಬೇನೆ ಶುರುವಾಯಿತು. ಆಪರೇಷನ್ ಆಯಿತು, ಬೇನೆ ಹೋಯಿತು, ಮತ್ತೆ ಬಂತು. ಎರಡನೆಯ ಸಲ ಬಂದಾಗ ನನಗೆ ಆ ಸಮುದ್ರದ ಮಾತು ನೆನಪಾಯಿತು.

ಆಗ ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ದೊಡ್ಡ ಹಡಗಿನಲ್ಲಿ ತಿರುಗಾಡಿಸಿಕೊಂಡು ಬರುವ ಟೂರುಗಳು ನಮ್ಮ ಕಡೆಗೂ ಹೊಸದಾಗಿ ಬಂದಿದ್ದವು. ಇಬ್ಬರೂ ಟೂರ್ ಆಫೀಸಿಗೆ ಹೋದೆವು. ಅದರ ಮಾಲೀಕ ಬಾಯಿ ತುಂಬ ಕಾಕಾ, ಕಾಕು ಎನ್ನುವ ಮನುಷ್ಯ.

“ಕಾಕಾ, ಎರಡ ನಮೂನಿ ಖೋಲಿ ಅದಾವ್ರಿ. ಒಂದಕ್ಕ ಕಿಡಕಿ ಇಲ್ಲ. ಇನ್ನೊಂದಕ್ಕ ಸಮುದ್ರ ಕಾಣೂವಂಥಾ ಕಿಡಕಿ ಐತಿ, ಅದಕ್ಕ ಮ್ಯಾಲ ರೊಕ್ಕ ಕೊಡಬೇಕು.”

“ಖೋಲಿ ತೋರಸ್ರಿ” ಎಂದಳು ನಮ್ಮಾಕಿ.

“ಕಾಕು, ಖೋಲಿ ಹಡಗಿನ್ಯಾಗ ಐತಿ. ಹಡಗ ಸಿಂಗಾಪುರದಾಗ ಐತಿ.”

“ಶ್ರೀಶೈಲದ ಲಾಡ್ಜಿನ್ಯಾಗ ಸುದ್ದಾ ನಾವು ಮೊದಲ ಖೋಲಿ ನೋಡಿ, ನಳಾ ತಿರುವಿ ನೋಡಿ, ಆಮ್ಯಾಲ ಹೆಸರ ಬರಸ್ತೇವಿ. ನೋಡಲಾರದ ಖೋಲಿ ಹೆಂಗ ಹಿಡಿಯೂದು?”

ಅವನು ಬಣ್ಣದ ಪುಸ್ತಕ ತೆಗೆದು ಫೋಟೋ ತೋರಿಸಿದ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಫೋಟೋ ತೆಗದಾಂವ ಎಲ್ಲಿ ನಿಂತಿದ್ದ?”

“ಬಾಗಲದ ಹೊರಗ ನಿಂತ ತೆಗದಿರಬೇಕ್ರಿ.”

“ನೋಡ್ರಿ, ಒಳಗ ನಿಂದ್ರಾಕ ಜಾಗಾ ಇಲ್ಲ ಅಂದಂಗಾತು.”

ರಂಗೋಲಿಯ ಹಡಗು

ಮಾಲೀಕನಿಂದ ಖೋಲಿಯ ಅಳತೆ ಇಸಿದುಕೊಂಡೇ ಅವಳು ಎದ್ದದ್ದು. ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ, ರಂಗೋಲಿ ಪುಡಿಯಲ್ಲಿ ಪೂರ್ತಿ ಖೋಲಿ ಬರೆದಳು. ಇಲ್ಲಿ ಪಲಂಗ, ಇಲ್ಲಿ ಬಚ್ಚಲು, ಇದು ಬಾಗಿಲು. ಒಂದು ಬದಿಗೆ ಕಿಡಕಿ ಬರೆದಳು, ಅಳಿಸಿದಳು, ಮತ್ತೆ ಬರೆದು ಮತ್ತೆ ಅಳಿಸಿದಳು.

ರಾಮತೀರ್ಥ ನಗರದಲ್ಲಿ ಒಂದು ಅಂಗಳದಲ್ಲಿ ನಡೆದದ್ದು ಓಣಿಗೆಲ್ಲ ಗೊತ್ತಾಗಲು ಹೊತ್ತು ಬೇಕಿಲ್ಲ. ಹೆಣ್ಣುಮಕ್ಕಳು ಚಪ್ಪಲಿ ಬಿಟ್ಟು ಖೋಲಿಯೊಳಗೆ ಬಂದು ಹೋದರು. ಒಬ್ಬಾಕೆಯಂತೂ ಗೆರೆ ದಾಟದೆ ಬಾಗಿಲು ಬರೆದ ಕಡೆಯಿಂದಲೇ ಒಳಗೆ ಬಂದಳು. ಬಾಜು ಮನೆಯ ಮಾಸ್ತರರು ವಾಸ್ತು ಬಲ್ಲವರು. ಸುತ್ತು ಹಾಕಿ ನೋಡಿ, “ತೆಲಿ ಉತ್ತರಕ್ಕ ಬರತೈತಿ. ಈ ಖೋಲಿ ಬ್ಯಾಡ್ರಿ” ಎಂದರು.

“ಮಾಸ್ತರ, ಹಡಗ ತಿರಗತೈತಲ್ರಿ” ಎಂದಳು ಇವಳು.

ಮಾಸ್ತರರು ತುಸು ವಿಚಾರ ಮಾಡಿ, “ಹಂಗಾರ ಅದು ತಿರಗಿದಾಗೊಮ್ಮೆ ನೀವೂ ತಿರಗಿ ಮಲಕೋರಿ” ಎಂದರು.

ಎಲ್ಲರೂ ನಗುತ್ತಿರುವಾಗ ಇವಳು ಅಳತೆ ನೋಡಬೇಕೆಂದು ಆ ರಂಗೋಲಿಯ ಪಲಂಗದ ಮೇಲೆ ನೆಟ್ಟಗೆ ಮಲಗಿಬಿಟ್ಟಳು. ನಾನು ಹಾಲು ತೆಗೆದುಕೊಂಡು ಆಗಷ್ಟೇ ಗೇಟಿಗೆ ಬಂದಿದ್ದೆ. ಬಿಳಿ ಗೆರೆಗಳ ನಡುವೆ ಸಣಕಲಾಗಿ ಮಲಗಿದ್ದ ಅವಳನ್ನು ನೋಡಿ ಹಾಲನ್ನು ಗೇಟಿನಲ್ಲೇ ಇಟ್ಟು ಓಡಿ ಬಂದೆ. “ಏಳು, ಏಳು ಮೊದಲ” ಎಂದು ಕೂಗಿದೆ.

ನನ್ನ ಮುಖ ನೋಡಿ ಅವಳಿಗೆ ಎಲ್ಲ ತಿಳಿಯಿತು. ನಮ್ಮ ಪೈಕಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಮಲಗಿದಲ್ಲಿಂದಲೇ ಹೇಳಿದಳು: “ಯಾಕ ಹೆದರತೀರಿ? ಅದಕ್ಕ ಇಷ್ಟ ಉದ್ದ ಜಾಗಾ ಬೇಕಾಗೂದಿಲ್ರಿ.”

ಖಾನಾಪುರದ ತೀರ್ಪು

ಅವಳ ತಮ್ಮ ಖಾನಾಪುರದಲ್ಲಿ ಬಾಗಿಲು, ಕಿಡಕಿ ಮಾಡಿ ಮಾರುವ ಅಂಗಡಿ ಇಟ್ಟಿದ್ದಾನೆ. ನಾನು ಕಿಡಕಿ ಬೇಕೆನ್ನುವವ, ಅವಳು ರೊಕ್ಕ ದಂಡ ಎನ್ನುವವಳು; ಆ ಮಾತು ಅವನನ್ನು ಕೇಳದೆ ಹೇಗೆ ಮುಗಿದೀತು? ಬಸ್ಸು ಹತ್ತಿ ಹೋದೆವು. ಅವನು ಮರದ ಹೊಟ್ಟು ಝಾಡಿಸಿಕೊಳ್ಳುತ್ತ ಬಂದು, ಅಕ್ಕನಿಗೆ ನಮಸ್ಕಾರ ಮಾಡಿ, ನೇರ ಕೆಲಸಕ್ಕೇ ಬಂದ.

“ಯಾವ ಕಟ್ಟಿಗಿ ಮಾಮಾ?”

“ಕಟ್ಟಿಗಿ ಇಲ್ಲೋ, ಬರೇ ಗಾಜು.”

“ಎರಡ ಪಡಕಿಂದೋ, ಒಂದ ಪಡಕಿಂದೋ?”

“ಪಡಕ, ಕದ ಒಂದೂ ಇಲ್ಲ. ಅದು ತೆರೆಯೂದಿಲ್ಲಂತ.”

ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ. “ತೆರೆಯಾಕ ಬರಲಾರದ್ದು ಕಿಡಕಿ ಅಲ್ಲ ಮಾಮಾ, ಅದು ಗ್ವಾಡಿ. ಗ್ವಾಡಿಗೆ ಯಾರಾರ ಹೆಚ್ಚಿನ ರೊಕ್ಕ ಕೊಡತಾರೇನು? ಆ ರೊಕ್ಕದಾಗ ನಾ ನಿಮ್ಮ ಇಡೀ ಮನಿಗೆ ಸಾಗವಾನಿ ಕಿಡಕಿ ಕುಂದ್ರಸ್ತೇನಿ.” ಅಂಗಡಿಗೆ ಬಂದಿದ್ದ ಗಿರಾಕಿಗಳಿಗೂ ಮರಾಠಿಯಲ್ಲಿ ಇದನ್ನೇ ಹೇಳಿ ಹೇಳಿ ನಗಿಸಿದ. ನಮ್ಮಾಕಿಗೂ ಖುಷಿಯಾಯಿತು. “ಕೇಳಿದ್ರಿಲ್ಲೋ? ಕಣ್ಣ ಮುಚ್ಚಿ ಮಲಕೊಳ್ಳೂ ಖೋಲಿಗೆ ಕಿಡಕಿ ಯಾಕ? ಮ್ಯಾಲ ಹೋಗಿ ನಿಂತ್ರ ಸಮುದ್ರ ಪುಕ್ಕಟ ಕಾಣತೈತಿ.”

ಮೇಲೆ ಹೋಗಿ ನಿಲ್ಲುವ ಶಕ್ತಿ ಒಂದೊಂದು ದಿನ ಅವಳಿಗೆ ಇರುತ್ತಿರಲಿಲ್ಲ. ಅಂಥ ದಿನ ಹಾಸಿಗೆಯಿಂದಲೇ ಸಮುದ್ರ ಕಾಣಲಿ ಎಂಬುದಷ್ಟೇ ನನ್ನ ಆಸೆ. ಅದನ್ನು ಅವಳೆದುರು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಬಸ್ಸಿನೊಳಗೆ ಕೂತ ಮೇಲೆ ತಮ್ಮ ನನ್ನನ್ನು ಬದಿಗೆ ಎಳೆದ. ಇಡೀ ದಿನ ನಗಿಸಿದವನ ಕಣ್ಣಲ್ಲಿ ನೀರು. “ಮಾಮಾ, ಅಕ್ಕನ ಮಾತ ಕೇಳಬ್ಯಾಡ್ರಿ. ಕಿಡಕಿ ತಗೋರಿ. ರೊಕ್ಕ ನಾ ಕೊಡತೇನಿ.”

ಬಸ್ಸು ಹೊರಟ ಮೇಲೆ ಅವಳು ಕೇಳಿದಳು, “ಏನಂತಿದ್ದ?”

“ಹಡಗಿನವರಿಗೆ ಸಾಗವಾನಿ ಬೇಕೇನು ಕೇಳ್ರಿ, ಪಡಕ ಮಾಡಿ ಕೊಡತೇನಿ ಅಂದ” ಎಂದೆ.

ಡಾಕ್ಟರರ ಸಲಹೆ

ನಮ್ಮ ಡಾಕ್ಟರರು ರೋಗಿಯ ಕಿಸೆಯನ್ನು ತಮ್ಮ ಕಿಸೆಯಂತೆ ಕಾಯುವವರು. “ಈ ಗುಳಿಗಿ ತುಟ್ಟಿ ಐತಿ, ಬ್ಯಾಡ. ಇದರಾಗೂ ಅದ ಔಷಧ ಐತಿ, ಇದನ್ನ ತಗೋರಿ” ಎನ್ನುತ್ತಿದ್ದರು. ಮೆತ್ತನೆಯ ಹೊಸ ಗಾದಿ ತರಲೇ ಎಂದರೆ, “ಇದ್ದ ಗಾದಿ ಬಿಸಲಿಗೆ ಹಾಕ್ರಿ ಸಾಕು” ಎಂದಿದ್ದರು. ಪ್ರತಿ ಸಲವೂ ಬಾಗಿಲ ತನಕ ಬಂದು, “ಮುಂದಿನ ತಿಂಗಳ ಬರ್ರಿ” ಎಂದು ಹೇಳಿಯೇ ಕಳಿಸುವರು.

ಹೋಗಿ ಬರಲು ಅವರು ಒಪ್ಪಿದರು. ಆಗ ಇವಳು ನಡುವೆ ಬಾಯಿ ಹಾಕಿದಳು. “ಡಾಕ್ಟರ, ಇವ್ರು ಕಿಡಕಿ ಇರೂ ಖೋಲಿ ಅಂತಾರ, ನಾ ಇಲ್ಲದ್ದ ಸಾಕಂತೇನಿ. ನೀವ ನ್ಯಾಯ ಹೇಳ್ರಿ.”

ಡಾಕ್ಟರರು ತಲೆ ಎತ್ತಲಿಲ್ಲ. “ಕಿಡಕಿ ಇರೂದ ತಗೋರಿ ತಾಯಿ. ರೊಕ್ಕದ ಮಾರಿ ನೋಡಬ್ಯಾಡ್ರಿ.”

ಬಾಗಿಲ ತನಕ ಬಂದರು. “ಆರಾಮ ಹೋಗಿ ಬರ್ರಿ” ಎಂದರು. ಮುಂದಿನ ತಿಂಗಳ ಮಾತು ಬರಲಿಲ್ಲ.

ರಿಕ್ಷಾ ಚೆನ್ನಮ್ಮ ಸರ್ಕಲ್ ದಾಟಿತು. ಆಮೇಲೆ ಅವಳು, “ಕಿಡಕಿ ಇಲ್ಲದ್ದ ತಗೊಳ್ಳೂಣು” ಎಂದಳು.

“ಡಾಕ್ಟರ ಹೇಳಿದ್ರಲ್ಲ.”

“ಅದಕ್ಕ ಬ್ಯಾಡ ಅನ್ನೂದು. ಗಾದಿ ಬಿಸಲಿಗೆ ಹಾಕ್ರಿ ಅಂದಾವ್ರು ರೊಕ್ಕದ ಮಾರಿ ನೋಡಬ್ಯಾಡ್ರಿ ಅಂದ್ರ ಏನ ತಿಳಕೋಬೇಕ್ರಿ? ಕಿಡಕಿ ತಗೊಂಡ್ವಿ ಅಂದ್ರ ಇದ ಕಡೀ ಸಲ ಅಂತ ಒಪ್ಪಿಕೊಂಡಂಗ. ಈಗ ಇಲ್ಲದ್ದ ಇರ್ಲಿ. ಮುಂದಿನ ಸಲ ಕಿಡಕಿ.”

ನನಗೆ ಅಳು ತಡೆಯಲಾಗಲಿಲ್ಲ. ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿಕೊಂಡು ಕೂತೆ. ಅವಳು ನನ್ನ ಬೆನ್ನು ಸವರುತ್ತಿದ್ದಳು. ಬೇನೆ ಯಾರಿಗೆ, ಸಮಾಧಾನ ಯಾರಿಗೆ! ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ ರಿಕ್ಷಾದವನಿಗೆ, ಇವರು ಕಿಡಕಿಯ ಸಲುವಾಗಿ ಜಗಳಾಡಿ ಅಳುತ್ತಿದ್ದಾರೆ ಎಂದಷ್ಟೇ ತಿಳಿದಿರಬೇಕು. ಹಿಂತಿರುಗಿ ಬಹಳ ಮರ್ಯಾದೆಯಿಂದ ಹೇಳಿದ:

“ಯಜಮಾನ್ರ, ನಮ್ಮ ರಿಕ್ಷಾದಾಗ ಎರಡೂ ಬಾಜು ಖುಲ್ಲಾ ಐತ್ರಿ. ಅದಕ್ಕ ನಾವು ಹೆಚ್ಚಿಗಿ ಏನೂ ತಗೊಳ್ಳೂದಿಲ್ಲ.”

ಹಡಗಿನ ಓಣಿ

ಅವಳ ಮಾತಿನಂತೆಯೇ ಆಯಿತು. ಕಿಡಕಿ ಇಲ್ಲದ ಖೋಲಿ. ಹಡಗು ಹತ್ತಿದ ದಿನ ಸಂಜೆ ಮೇಲೆ ಹೋಗಿ ಕೂತೆವು. ದಂಡೆ ಸಣ್ಣದಾಗುತ್ತ ಹೋಗಿ ಕಾಣದಂತಾಯಿತು. ಅವಳು ಕುರ್ಚಿಯಲ್ಲಿ ಕೂತೇ ಕತ್ತು ತಿರುಗಿಸಿ ಒಂದೊಂದೇ ದಿಕ್ಕು ನೋಡಿದಳು. “ಹೌದ್ರಿ. ನಾಕೂ ಕಡೆ ಐತಿ” ಎಂದಳು. ಆಮೇಲೆ ಕತ್ತಲಾಗುವವರೆಗೂ ಅಲ್ಲಿಂದ ಏಳಲೊಲ್ಲಳು.

ಬೆಳಿಗ್ಗೆ ಏನು ಮಾಡಿದಳು? ಬ್ಯಾಗಿನಿಂದ ರಂಗೋಲಿ ಡಬ್ಬಿ ತೆಗೆದಳು. ನಾನು ಬೇಡ ಎನ್ನುವುದರೊಳಗೆ ಖೋಲಿಯ ಹೊರಗೆ, ಹಾಸಿದ ಗಾಲೀಚೆಯ ಮೇಲೆ, ಸಣ್ಣ ರಂಗೋಲಿ ಬಿತ್ತು. ಕಸ ತೆಗೆಯುವ ಹೆಣ್ಣುಮಗಳು ಮಷಿನ್ ತಂದು ಹೀರಿಕೊಂಡು ಹೋದಳು. ಇವಳು ಮತ್ತೆ ಹಾಕಿದಳು. ಎರಡನೆಯ ಸಲ ಆ ಹೆಣ್ಣುಮಗಳು ನಿಂತು ನೋಡಿ, ನಕ್ಕು, ಅದನ್ನು ಬಳಸಿಕೊಂಡು ಮುಂದೆ ಹೋದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಬಾಗಿಲ ಮುಂದೆ ರಂಗೋಲಿ ಬೇಕೆಂಬುದು ಮಾತ್ರ ಹೇಗೋ ತಿಳಿಯಿತು.

ಹಡಗಿನ ಬಾಗಿಲುಗಳೆಲ್ಲ ಒಂದೇ ಥರ. ನಮ್ಮ ಗುಂಪಿನವರಿಗೆ ಇದೇ ಗುರುತಾಯಿತು. ಕಾಕತಿಯಿಂದ ಬಂದಿದ್ದ ಬೆಲ್ಲದ ವ್ಯಾಪಾರಿಯಂತೂ ಎಲ್ಲರಿಗೂ, “ರಂಗೋಲಿ ದಾಟಿದ್ರ ನಮ್ಮ ಮನಿ” ಎಂದು ವಿಳಾಸ ಹೇಳುತ್ತಿದ್ದ.

ಮರುದಿನ ಅವಳಿಗೆ ಏಳಲು ಆಗಲಿಲ್ಲ. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ದೀಪ ಆರಿಸಿದರೆ ಖೋಲಿಯಲ್ಲಿ ಹಗಲೋ ಇರುಳೋ ತಿಳಿಯದ ಕತ್ತಲೆ. ಅವಳು ಆ ಕತ್ತಲೆಯಲ್ಲಿ, “ಹೊರಗ ಏನೈತ್ರಿ?” ಎಂದಳು.

“ನೀರು.”

“ನಾಕೂ ಕಡೆ?”

“ನಾಕೂ ಕಡೆ.”

“ಹಂಗಾರ ಮೊನ್ನೆ ನೋಡಿದ್ದ ಐತಿ ಬಿಡ್ರಿ. ನಾ ಏನೂ ಕಳಕೊಂಡಿಲ್ಲ.”

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬೆಲ್ಲದ ವ್ಯಾಪಾರಿ ಟವೆಲ್ ಸುತ್ತಿಕೊಂಡು ನಿಂತಿದ್ದ. “ಇವತ್ತ ರಂಗೋಲಿ ಯಾಕ ಇಲ್ರಿ? ನಾ ಯಾರದೋ ಖೋಲಿ ಹೊಕ್ಕು ಬೈಸ್ಕೊಂಡ ಬಂದೆ!” ಒಳಗಿನಿಂದ ಇವಳು ನನಗೆ, “ನೀವಾರ ಹಾಕ್ರಿ, ಪಾಪ” ಎಂದಳು. ನಾನು ಮೊಣಕಾಲೂರಿ ಕೂತು ಜೀವಮಾನದಲ್ಲಿ ಮೊದಲ ಸಲ ರಂಗೋಲಿ ಹಾಕಿದೆ. ಆ ಹೆಣ್ಣುಮಗಳು ಬಂದಳು, ಬಗ್ಗಿ ನೋಡಿದಳು, ಏನೋ ಚೆಲ್ಲಿದೆ ಎಂದುಕೊಂಡು ಕೂಡಲೇ ಮಷಿನ್ ಹಚ್ಚಿದಳು.

ಪುಕ್ಕಟ ಕಿಡಕಿ

ಇದು ಹಡಗು ಹತ್ತುವ ಮೊದಲೇ ನಡೆದದ್ದು. ಬೇಕಂತಲೇ ಕಡೆಗೆ ಉಳಿಸಿಕೊಂಡೆ. ಊರಿಗೆ ಮರಳಿದ ಮೇಲೆ ಅವಳು ಮುಂದಿನ ಮಳೆಗಾಲ ನೋಡಲಿಲ್ಲ. ಮನೆ ಬಿಕೋ ಎನ್ನುವಾಗ ನಾನು ಇದನ್ನೇ ನೆನೆಸಿಕೊಳ್ಳುತ್ತೇನೆ. ಒಮ್ಮೊಮ್ಮೆ ಒಬ್ಬನೇ ಗಟ್ಟಿಯಾಗಿ ನಗುತ್ತೇನೆ, ಬಾಜು ಮನೆಯ ಮಾಸ್ತರರು ಗಾಬರಿಯಾಗಿ ಇಣುಕುತ್ತಾರೆ.

ಸಿಂಗಾಪುರದ ಬಂದರಿನಲ್ಲಿ ಎಲ್ಲರೂ ಸಾಲಿನಲ್ಲಿ ನಿಂತಿದ್ದೆವು. ಟೂರ್ ಆಫೀಸಿನ ಮಾಲೀಕನೂ ನಮ್ಮ ಜೊತೆ ಬಂದಿದ್ದ. ಕಾಲು ಬಾತಿದ್ದರಿಂದ ಇವಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದ್ದ. ಕೌಂಟರಿನ ಹೆಣ್ಣುಮಗಳು ಇವಳನ್ನು ನೋಡಿದಳು, ಒಳಗೆ ಹೋಗಿ ಯಾರನ್ನೋ ಕೇಳಿ ಬಂದಳು, ಮಾಲೀಕನ ಕಿವಿಯಲ್ಲಿ ಏನೋ ಹೇಳಿದಳು. ಅವನು ಓಡುತ್ತ ಬಂದ.

“ಕಾಕು, ನಶೀಬ ಅಂದ್ರ ನಿಮ್ದು! ಕಿಡಕಿ ಖೋಲಿ ಒಂದು ಖಾಲಿ ಉಳದೈತಂತ. ನಿಮಗ ಕೊಡತಾರಂತ. ಪುಕ್ಕಟ!”

ಪುಕ್ಕಟ ಎಂದದ್ದೇ ತಡ, ನಮ್ಮ ಗುಂಪಿನ ಸಾಲು ಪೂರ್ತಿ ಮುಂದಕ್ಕೆ ಬಾಗಿತು.

“ಬ್ಯಾಡಪಾ” ಎಂದಳು ಇವಳು.

“ಕಾಕು, ರೊಕ್ಕ ಕೊಡೂದ ಇಲ್ರಿ.”

“ತಿಳೀತು. ಕಿಡಕಿ ನಾವು ಮುಂದಿನ ಸಲಕ್ಕ ಇಟ್ಟೇವಿ ಅಂತ ಅಕೀಗೆ ಹೇಳು.”

ಮಾಲೀಕ ನನ್ನ ಮುಖ ನೋಡಿದ. ನಾನು ಬಗ್ಗಿ, “ತಗೋ ನಮ್ಮವ್ವಾ, ನನ್ನ ಸಲುವಾಗಿ ತಗೋ” ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಈಗ ತಗೊಂಡ್ರ, ಮುಂದಿನ ಸಲ ಬರಾಕ ನಮಗೇನ ಉಳೀತೈತ್ರಿ?”

ಹಿಂದಿನಿಂದ ಬೆಲ್ಲದ ವ್ಯಾಪಾರಿ ಕೈ ಎತ್ತಿದ. “ನಮಗ ಕೊಡ್ರಿ ಹಂಗಾರ! ನಾವೇನ ಮತ್ತೊಮ್ಮೆ ಬರಾವ್ರಲ್ಲ!”

ಮಾಲೀಕ ಹೋಗಿ ಇಂಗ್ಲಿಷಿನಲ್ಲಿ ಹೇಳಿದ. ಪುಕ್ಕಟ ಕೊಟ್ಟದ್ದನ್ನು ಬೇಡ ಎಂದವರನ್ನು ಆ ಹೆಣ್ಣುಮಗಳು ನೋಡಿರಲಿಕ್ಕಿಲ್ಲ. ಅವನನ್ನು ಮತ್ತೊಮ್ಮೆ ಕೇಳಿದಳು, ಇವಳನ್ನು ನೋಡಿದಳು. ಆಮೇಲೆ ಕೌಂಟರಿನಿಂದ ಹೊರಗೆ ಬಂದು, ಕುರ್ಚಿಯ ಮುಂದೆ ಬಗ್ಗಿ, ಸಾವಕಾಶ ಹೇಳಿದಳು: “ನೆಕ್ಸ್ಟ್ ಟೈಮ್, ಮ್ಯಾಡಮ್.”

ಅಷ್ಟು ಇಂಗ್ಲಿಷು ನಮ್ಮಾಕಿಗೆ ಬರುತ್ತಿತ್ತು.

ಲಿಫ್ಟಿನಲ್ಲಿ ಕೆಳಗೆ, ಕಿಡಕಿಯಿಲ್ಲದ ಖೋಲಿಗೆ ಇಳಿಯುತ್ತಿದ್ದೆವು. ಬೇನೆ ಬಂದ ಮೇಲೆ ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

“ಕೇಳಿದ್ರಿಲ್ಲೋ? ಮುಂದಿನ ಸಲ ಬರ್ರಿ ಅಂದ್ಲು.”

“ಕೇಳಿದೆ.”

“ನೋಡ್ರಿ, ನಮ್ಮ ಡಾಕ್ಟರಗಿಂತ ಅಕೀಗೆ ಹೆಚ್ಚ ತಿಳೀತೈತಿ.”