ಮೂರು ದಿನದ ಅನುಮತಿ, ಒಂದು ಸುಳ್ಳು ಸಾವು

ನಾನು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದ ಕೆಲಸಗಳೇ ತಲೆಕೆಳಗಾಗುತ್ತವೆ, ಏಕೆಂದು ಇಂದಿಗೂ ತಿಳಿದಿಲ್ಲ. ಹೊಸಪೇಟೆಯ ಬಾಲಕಿಯರ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದಷ್ಟು ವರ್ಷ ಹಾಗಾಗಿರಲಿಲ್ಲ. ಅಲ್ಲಿ ನಾನು ಗಂಟೆ ಬಾರಿಸಿದರೆ ನಿದ್ದೆಯಲ್ಲಿದ್ದವರೂ ಸಾಲಾಗಿ ನಿಲ್ಲುತ್ತಿದ್ದರು.

ನಿವೃತ್ತಿಯಾದ ಮೇಲೆ ಯುರೋಪಿನ ಸಿನಿಮಾ ತಂಡವೊಂದು ಹಂಪಿಗೆ ಬಂದು ಇಳಿಯಿತು. ಅವರ ಸಿನಿಮಾದ ಕಥೆ ಇಷ್ಟು: ವಿದೇಶಿಯೊಬ್ಬ ತನ್ನ ಹಳೆಯ ಸ್ನೇಹಿತನಾದ ರೈತನನ್ನು ಹುಡುಕಿಕೊಂಡು ಬರುತ್ತಾನೆ, ಸ್ನೇಹಿತ ತೀರಿಕೊಳ್ಳುತ್ತಾನೆ, ಶವಯಾತ್ರೆಯಲ್ಲಿ ಕಥೆ ಮುಗಿಯುತ್ತದೆ. ಊರಿನವರನ್ನು ಹೊಂದಿಸಿಕೊಡಲು ಇಂಗ್ಲಿಷ್ ಮತ್ತು ಶಿಸ್ತು ಎರಡೂ ಇರುವವರು ಬೇಕೆಂದು ಕೇಳಿದಾಗ ಯಾರೋ ನನ್ನ ಮನೆ ತೋರಿಸಿದರು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ನನ್ನದು, ಮಾಸುವಂಥದ್ದಲ್ಲ.

ನಿಮ್ಮ ದೇಶದಲ್ಲಿ ಚಿತ್ರೀಕರಣ ಮಾಡಲು ನಾವು ಏನೇನು ಗಮನಿಸಬೇಕು ಎಂದು ನಿರ್ದೇಶಕ ಕೇಳಿದ. ಸಮಯಪಾಲನೆ ಮತ್ತು ಸ್ಪಷ್ಟವಾದ ಸೂಚನೆ, ಉಳಿದದ್ದು ನನಗೆ ಬಿಡಿ ಎಂದೆ. ಕಂಪ್ಲಿಯ ಹೊಳೆ ದಂಡೆ ಮತ್ತು ಸುತ್ತಲಿನ ಗದ್ದೆಗಳಿಗೆ ಅನುಮತಿ ಸಿಕ್ಕಿದ್ದು ಮೂರೇ ದಿನ. ಮೂರನೆಯ ದಿನ ಸಂಜೆ ಆರಕ್ಕೆ ಕ್ಯಾಮೆರಾ ಪೆಟ್ಟಿಗೆ ಸೇರಬೇಕು, ಮರುದಿನ ವಿಮಾನ. ಅಷ್ಟರಲ್ಲಿ ಶವಯಾತ್ರೆ ಮುಗಿಯದಿದ್ದರೆ ಸಿನಿಮಾಕ್ಕೆ ಕೊನೆಯೇ ಇಲ್ಲ. ಮುಗಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಬಾಗಿಲಲ್ಲಿ ನಿಂತವನು

ಮೊದಲ ದಿನ ಎಮ್ಮಿಗನೂರಿನ ಒಂದು ಮನೆ. ವಿದೇಶಿ ನಟ ತೆರೆದ ಬಾಗಿಲ ಮುಂದೆ ಒಂದು ನಿಮಿಷ ಮೌನವಾಗಿ ನಿಲ್ಲಬೇಕು, ಅಷ್ಟೇ. ಕ್ಯಾಮೆರಾ ಓಡತೊಡಗಿದ ಕೂಡಲೇ ಒಳಗಿನಿಂದ ಮನೆಯೊಡತಿಯ ದನಿ ಬಂತು. "ಯಾಕ್ರಿ ಹೊರಗ ನಿಂತೀರಿ? ಬರ್ರಿ, ಕುಂದ್ರಿ."

ಇದು ಸಿನಿಮಾ, ಕರೆಯಬಾರದು ಎಂದು ತಿಳಿಸಿ ಹೇಳಿದೆ. ಆಕೆ ಒಪ್ಪಿದಳು. ಎರಡನೆಯ ಸಲವೂ ಕರೆದಳು. ಬಿಸಿಲಲ್ಲಿ ನಿಂತಿದ್ದಾರಲ್ಲ ಪಾಪ ಎಂದಳು. ಮೂರನೆಯ ಸಲ, ಬಾಯಿ ತೆರೆಯುವುದಿಲ್ಲ ಎಂದು ಆಕೆಯಿಂದ ಭಾಷೆ ತೆಗೆದುಕೊಂಡೆ. ಅರ್ಧ ನಿಮಿಷ ಪೂರ್ಣ ಮೌನ. ನಾನು ನಿರ್ದೇಶಕನ ಕಡೆ ತಿರುಗಿ ಮುಗುಳ್ನಕ್ಕೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ಬಳೆಯ ಕೈಯೊಂದು ನೀರಿನ ಚೊಂಬು ಹಿಡಿದು ಹೊರಬಂತು. ನಟ ಚೊಂಬನ್ನೂ ನೋಡಿದ, ನಮ್ಮನ್ನೂ ನೋಡಿದ, ಕುಡಿದುಬಿಟ್ಟ.

ನಾನು ಗದರಿದೆ. ಆಕೆ ಸ್ವಲ್ಪವೂ ಅಳುಕಲಿಲ್ಲ.

"ಮಾತಾಡಬ್ಯಾಡ ಅಂದ್ರಿ, ಮಾತಾಡಲಿಲ್ಲ. ನೀರು ಕೊಡಬ್ಯಾಡ ಅಂತ ಅಂದಿದ್ದಿಲ್ಲ. ಓದಿದೋರು ನೀವು, ಹಂಗ ಅಂತೀರೇನು?"

ಕೊನೆಗೆ ಆಕೆಯನ್ನು ಹಿತ್ತಲಿಗೆ ಕಳಿಸಿದೆವು. ಅಲ್ಲಿಂದ ಎಲ್ಲರಿಗೂ ಚಹಾ ಬಂತು.

ನಿನ್ನೆಯ ಸೀರೆ

ಅದೇ ದಿನ ಮಧ್ಯಾಹ್ನ ಬಂಡ್ರಿಯಿಂದ ಬಂದ ಒಂಬತ್ತು ಹೆಂಗಸರು ಭತ್ತದ ಸಸಿ ನೆಡುವ ದೃಶ್ಯ ಶುರುವಾಯಿತು. ಚಹಾದಿಂದ ತಡವಾಗಿದ್ದ ಕಾರಣ ಅರ್ಧಕ್ಕೇ ಬೆಳಕು ಹೋಯಿತು. ಉಳಿದರ್ಧ ನಾಳೆ, ಇದೇ ಸೀರೆ ಉಟ್ಟುಕೊಂಡು ಬರಬೇಕು ಎಂದು ಸ್ಪಷ್ಟವಾಗಿ ಸೂಚಿಸಿದೆ.

ಬೆಳಿಗ್ಗೆ ಒಂಬತ್ತೂ ಜನ ಹೊತ್ತಿಗೆ ಸರಿಯಾಗಿ ಬಂದರು. ಅದೇ ಸೀರೆಗಳು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದವು. ತಲೆಯಲ್ಲಿ ಹೂವು ಬೇರೆ. ಶಿಸ್ತೆಂದರೆ ಇದು ಎಂದು ನಾನು ಹೊಗಳುತ್ತಿರುವಾಗ ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕುಳಿತ. ನಿನ್ನೆ ಮೊಣಕಾಲತನಕ ಕೆಸರಾಗಿದ್ದವರು ಅದೇ ಗದ್ದೆಯಲ್ಲಿ, ಮರುಕ್ಷಣದಲ್ಲಿ, ಮದುವೆಗೆ ಹೊರಟವರಂತೆ ಕಾಣುವುದು ಹೇಗೆ ಎಂದು ಕೇಳಿದ.

ಕೆಸರು ಹಚ್ಚಿಕೊಳ್ಳಿ ಎಂದರೆ ಅವರಲ್ಲಿ ಹಿರಿಯಳು ಸೆರಗು ಬಿಗಿದು ನಿಂತಳು. "ರಾಡಿ ಸೀರ್‍ಯಾಗ ಸಿನಿಮಾದಾಗ ಕಂಡ್ರ ಊರಾಗ ಏನಂತಾರ್ರಿ? ಮೊದಲ ನೀವು ಹಚ್ಚಿಕೋರಿ ಮೇಡಮ್ಮಾರ, ಆಮ್ಯಾಲೆ ನಾವು."

ಆ ದೃಶ್ಯ ಚೆನ್ನಾಗಿ ಬಂದಿದೆಯಂತೆ. ನನ್ನ ಕೆನೆಬಣ್ಣದ ಸೀರೆ ಮಾತ್ರ ಇನ್ನೂ ಸರಿಹೋಗಿಲ್ಲ.

ಹೊಳೆಯಲ್ಲಿ ನಲವತ್ತು ಜನ

ಮೂರನೆಯ ದಿನ ಶವಯಾತ್ರೆ. ಹೆಣವಾಗಲು ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲರೊಬ್ಬರು ಒಪ್ಪಿದ್ದರು. ಅವರ ಹೆಂಡತಿ ಕ್ಯಾಮೆರಾದ ಹಿಂದೆಯೇ ನಿಂತು, ಗಂಡ ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ನೋಡುತ್ತಿದ್ದಳು.

ನಾಲ್ಕು ಜನ ಚಟ್ಟ ಹೊತ್ತರು, ನಲವತ್ತು ಜನ ಹಿಂದೆ ನಡೆದರು. ಎಲ್ಲ ಸರಿಯಾಗಿತ್ತು. ಕೊನೆಯ ಗಳಿಗೆಯಲ್ಲಿ ಹಿಂದಿನ ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಇನ್ನೊಮ್ಮೆ ಎಂದ ನಿರ್ದೇಶಕ. ಆಗ ನಾಲ್ಕೂವರೆ. ಹದಿನೈದು ನಿಮಿಷ ವಿರಾಮ ಕೊಟ್ಟೆ.

ವಿರಾಮ ಮುಗಿದು ಬಂದು ನೋಡಿದರೆ ದಂಡೆಯ ಮೇಲೆ ಖಾಲಿ ಚಟ್ಟ. ಸೀಟಿ ಊದಿದೆ, ಯಾರೂ ಬರಲಿಲ್ಲ. ಕೆಳಗೆ ಇಣುಕಿದೆ. ಅಷ್ಟೂ ಜನ ಉಟ್ಟ ಬಟ್ಟೆಯಲ್ಲೇ ಹೊಳೆಯಲ್ಲಿ ಮುಳುಗೇಳುತ್ತಿದ್ದರು.

ಒದ್ದೆ ಬಟ್ಟೆಯವರನ್ನು ಒಣಗಿದ ಶವಯಾತ್ರೆಗೆ ಸೇರಿಸುವಂತಿಲ್ಲ. ನನ್ನ ಮಾತು ಹೊಳೆಪಾಲಾಯಿತು. ಹೊಳೆಗಿಳಿಯುವ ಮೆಟ್ಟಿಲ ಮೇಲೆ ನಿಂತು, ಇದು ನಟನೆ, ಯಾರೂ ಸತ್ತಿಲ್ಲ, ಬುದ್ಧಿ ಉಪಯೋಗಿಸಬಾರದೇ ಎಂದು ಉಪನ್ಯಾಸವನ್ನೇ ಕೊಟ್ಟೆ. ಹಿರಿಯರೊಬ್ಬರು ಸಮಾಧಾನದಿಂದ ಕೇಳಿಸಿಕೊಂಡರು.

"ಖರೆ ಐತ್ರಿ ಮೇಡಮ್ಮಾರ. ಆದ್ರೂ ಮಣ್ಣಿಗೆ ಹೋಗಿ ಬಂದು ಜಳಕ ಮಾಡದೆ ಮನಿ ಒಳಗ ಹೆಂಗ ಕಾಲಿಡೂದು?"

ಅವರ ಪಕ್ಕದಲ್ಲೇ ಪಂಚೆ ಹಿಂಡುತ್ತಿದ್ದವರು ನಮ್ಮ ಹೆಣ. ನೀವೂ ಏಕೆ ಎಂದು ಕೇಳಿದೆ. ಅವರು ಹೆಂಡತಿಯ ಕಡೆ ಕಣ್ಣು ತೋರಿಸಿ ಪಿಸುಗುಟ್ಟಿದರು. "ಜಳಕ ಮಾಡದಿದ್ರ ಮನಿಗೆ ಸೇರಸಂಗಿಲ್ಲ ಅಂದಾಳ್ರಿ."

ಯಾರು ಸತ್ತರು ಎಂದು ನಿರ್ದೇಶಕ ಗಾಬರಿಯಿಂದ ಕೇಳಿದ. ಯಾರೂ ಇಲ್ಲ ಎಂದೆ. ಮತ್ತೆ ಸ್ನಾನ ಏಕೆ ಎಂದ. ಸಿಸ್ಟರುಗಳ ಇಂಗ್ಲಿಷ್ ಜೀವನದಲ್ಲಿ ಮೊದಲ ಬಾರಿ ನನ್ನ ಕೈಬಿಟ್ಟಿತು. ನಾನು ತಡವರಿಸುತ್ತಿರುವಾಗ ನಲವತ್ತು ಜನ ಒದ್ದೆ ಬಟ್ಟೆಯಲ್ಲಿ, ಒಬ್ಬರ ಹಿಂದೊಬ್ಬರು, ನನಗೆ ಹೆದರಿ ಮಾತಿಲ್ಲದೆ ಮೆಟ್ಟಿಲು ಹತ್ತತೊಡಗಿದರು. ಇಳಿಬಿಸಿಲು ಅವರ ಮೇಲಿತ್ತು, ನಿಜವಾಗಿಯೂ ಯಾರನ್ನೋ ಕಳಿಸಿಕೊಟ್ಟು ಮರಳುವವರಂತೆ ಕಾಣುತ್ತಿದ್ದರು. ನಿರ್ದೇಶಕ ನನ್ನನ್ನು ಪಕ್ಕಕ್ಕೆ ಸರಿಸಿ ಕ್ಯಾಮೆರಾ ಓಡಿಸಿದ. ಹೆಣವನ್ನು ಮಾತ್ರ ಮರೆಗೆ ಎಳೆದುಕೊಂಡೆವು.

ಐದೂ ಐವತ್ತಕ್ಕೆ ಸಿನಿಮಾಕ್ಕೆ ಕೊನೆ ಸಿಕ್ಕಿತು. ನಿರ್ದೇಶಕ ನನ್ನ ಕೈಕುಲುಕಿ, ಇಂಥ ಯೋಜನೆ ಎಲ್ಲೂ ಕಂಡಿಲ್ಲ ಎಂದ. ನಾನು ಅಲ್ಲಗಳೆಯಲಿಲ್ಲ.

ಹೊಸಪೇಟೆಗೆ ಮರಳಿ ನಮ್ಮ ಮನೆಯ ಮುಂದೆ ಇಳಿದೆ. ಸೊಸೆ ಬಾಗಿಲು ತೆರೆದಳು. ಚಟ್ಟದ ಪಕ್ಕದಲ್ಲೇ ದಿನವಿಡೀ ನಿಂತಿದ್ದ ನನ್ನ ಕಾಲು ಹೊಸ್ತಿಲ ಹತ್ತಿರ ಬಂದು ಅದೇಕೋ ಅಲ್ಲೇ ನಿಂತಿತು.

"ಯಾಕ್ರಿ ಅತ್ತಿ, ಹೊರಗ ನಿಂತೀರಿ? ಯಾರರೆ ತೀರಿಕೊಂಡ್ರೇನು?"

"ಯಾರೂ ತೀರಿಕೊಂಡಿಲ್ಲ," ಎಂದೆ. "ಸುಮ್ಮನ ಹಿತ್ತಲದಾಗ ಎರಡು ಕೊಡ ನೀರು ತಂದಿಡು."