ಜಲಜಮ್ಮನ ತೊಟ್ಟಿಯ ಲಾರ್ವಾ

ಹೊಸನಗರದ ಜಲಜಮ್ಮನ ಮನೆಗೋಡೆಯ ಮೇಲೆ ಆರೋಗ್ಯ ಕಾರ್ಯಕರ್ತ ಸುಬ್ಬಪ್ಪ ಸೀಮೆಸುಣ್ಣದಲ್ಲಿ ‘ಲಾರ್ವಾ ಇದೆ’ ಎಂದು ಬರೆದದ್ದೇ ತಪ್ಪಾಯಿತು.

“ಎಂತದು ಅದು?” ಜಲಜಮ್ಮ ಸೊಂಟಕ್ಕೆ ಕೈಯಿಟ್ಟರು.

“ಸೊಳ್ಳೆ ಮರಿ ಅಮ್ಮಾ. ಹಿತ್ತಲ ತೊಟ್ಟೀಲಿ ಕುಣೀತಾ ಇದಾವೆ. ಬೀದೀಲಿ ಆಗ್ಲೇ ಡೆಂಗ್ಯೂ ಬಂದಿದೆ. ಸಂಜೆ ಸಾಹೇಬ್ರು ಬರೋದ್ರೊಳಗೆ ನೀರು ಖಾಲಿ ಆಗ್ಬೇಕು.”

ಪಕ್ಕದ ಮನೆಯ ಅಪರ್ಣಾ ಬೇಲಿಯಾಚೆಯಿಂದ ನಕ್ಕಳು. ಇಟಲಿಯಲ್ಲಿ ಮುಖವಾಡ ಮಾಡುವುದನ್ನು ಕಲಿತು ಮೊನ್ನೆಯಷ್ಟೇ ಊರಿಗೆ ಬಂದವಳು. “ಅಲ್ಲಿ ಲಾರ್ವಾ ಅಂದ್ರೆ ಭೂತಾನೂ ಹೌದು, ಜಲಜತ್ತೆ. ಹಳೇ ಲ್ಯಾಟಿನ್ ಮಾತು. ಪ್ರೇತಕ್ಕೂ ಅದೇ, ಮುಖವಾಡಕ್ಕೂ ಅದೇ. ಸೊಳ್ಳೆ ತನ್ನ ಮುಖ ಮುಚ್ಕೊಂಡು ಹುಳದ ವೇಷದಲ್ಲಿರ್ತದಲ್ಲ, ಅದಕ್ಕೆ ಹುಳಕ್ಕೂ ಆಮೇಲೆ ಆ ಹೆಸರು ಬಂತು.”

ಜಲಜಮ್ಮನ ಕಿವಿಗೆ ಬಿದ್ದದ್ದು ಭೂತ ಒಂದೇ. “ತೊಟ್ಟೀಲಿ ಭೂತ!” ಎಂದು ಕಿರುಚಿದರು. ಎದುರುಮನೆಯ ಹುಲಿಯಪ್ಪ ಓಡಿಬಂದು ಗೋಡೆ ನೋಡಿದ. “ಸರ್ಕಾರದೋರೇ ಬರ್ದು ಕೊಟ್ಟಿದಾರಲ್ರೋ!”

ಗೇಟಿನಾಚೆ ಇಡೀ ಬೀದಿ ಸೇರಿತು. ತೊಟ್ಟಿ ಮುಟ್ಟಲು ಯಾರೂ ತಯಾರಿಲ್ಲ. “ಕಂಡು ಹಿಡ್ದೋನೇ ಓಡಿಸ್ಬೇಕು,” ಎಂದು ಹುಲಿಯಪ್ಪ ಸುಬ್ಬಪ್ಪನ ಕೈಗೆ ಬಕೆಟ್ ಕೊಟ್ಟ; ಜೊತೆಗೊಂದು ನಿಂಬೆಹಣ್ಣನ್ನೂ. ಸುಬ್ಬಪ್ಪನೋ, ಬಚ್ಚಲಿಗೆ ಹೋಗಲೂ ಹೆಂಡತಿಯನ್ನು ಜೊತೆಗೆ ಕರೆಯುವ ಆಸಾಮಿ.

ಹಿತ್ತಿಲಲ್ಲಿ ಮಧ್ಯಾಹ್ನವೇ ಮಬ್ಬುಗತ್ತಲೆ. ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ತಣ್ಣಗಾದ ಕಷಾಯದಂಥ ನೀರನ್ನು ಸುಬ್ಬಪ್ಪ ಮೊಗೆದು ಮೊಗೆದು ಚೆಲ್ಲಿದ. ನೀರು ಅರ್ಧಕ್ಕಿಳಿದಾಗ ಹುಳಗಳೆಲ್ಲ ಗಾಬರಿಬಿದ್ದು ಒಂದು ಮೂಲೆಗೆ ಸರಿದವು. ತಳದಿಂದ ಬೆಳ್ಳಗಿನ ಮುಖವೊಂದು ಮೆಲ್ಲಗೆ ಮೇಲೆ ಬಂತು. ಬಾಯಿ ಅರ್ಧ ತೆರೆದಿತ್ತು. ತನ್ನದೇ ನೆರಳೆಂದುಕೊಂಡು ಸುಬ್ಬಪ್ಪ ತಲೆ ಅಲ್ಲಾಡಿಸಿದ. ಅದು ಅಲ್ಲಾಡಿಸಲಿಲ್ಲ.

ಬಕೆಟ್ ಬಿಸಾಕಿ ಓಡಿದವನು ಮರಕ್ಕೆ ಉಡ ಕಚ್ಚಿಕೊಂಡಂತೆ ಗೇಟಿನೊಳಗೆ ನಿಂತಿದ್ದ ಹುಲಿಯಪ್ಪನನ್ನು ಅಪ್ಪಿಕೊಂಡ.

ಅಪರ್ಣಾ ಬೇಲಿ ದಾಟಿ ಹಿತ್ತಿಲಿಗೆ ಹೋಗಿ, ನೀರು ಸುರಿಯುವ ಬಿಳೀ ಮುಖವಾಡ ಹಿಡಿದು ಬಂದಳು. “ನೋಡಿ ನಿಮ್ಮ ಭೂತ!” ಬೀದಿಗೆ ಬೀದಿಯೇ ನಕ್ಕಿತು.

“ನಿಮ್ ಸಾಮಾನು ತೊಟ್ಟೀಗೆ ಹಾಕಿ ನಮ್ ಜೀವ ಯಾಕ್ ತೆಗೀತೀರಿ ಮೇಡಂ?” ಸುಬ್ಬಪ್ಪನಿಗೆ ಅಳುವೇ ಬಂತು.

ಅಪರ್ಣಾಳ ನಗು ನಿಂತಿತು. “ನಂದಲ್ಲ ಇದು. ನನ್ನ ಪೆಟ್ಟಿಗೆ ಇಟಲಿಯಿಂದ ಇನ್ನೂ ಬಂದೇ ಇಲ್ಲ.” ತಿರುಗಿಸಿ ಒಳಗೆ ಬೆರಳಾಡಿಸಿದಳು. “ಒಳಗೆ ಬೆಚ್ಚಗಿದೆ... ಈಗಷ್ಟೇ ಯಾರೋ ಬಿಚ್ಚಿದ ಹಾಗೆ.”

ಮುಖವಾಡವನ್ನು ಸುಬ್ಬಪ್ಪನ ಕೈಗೆ ತುರುಕಿ ಗೇಟಿನಾಚೆ ಹಾರಿದಳು. ಹುಲಿಯಪ್ಪ ಅವಳಿಗಿಂತ ಮೊದಲೇ ಹಾರಿಯಾಗಿತ್ತು. ಜಲಜಮ್ಮ ತಾವೂ ಹೊರಬಿದ್ದು ಗೇಟಿನ ಚಿಲಕ ಹಾಕಿ, ಸರಳುಗಳ ನಡುವೆ ಇನ್ನೊಂದು ಬಕೆಟ್ಟನ್ನು ಒಳಕ್ಕೆ ತೂರಿಸಲು ನೋಡಿದರು. ಅದು ತೂರದೆ ಮೇಲಿಂದಲೇ ಎಸೆದರು.

“ಸುಬ್ಬಪ್ಪಾ, ಮುಖವಾಡ ಮಾತ್ರ ಸಿಕ್ತು. ಹಾಕ್ಕೊಂಡಿದ್ದೋರು ಇನ್ನೂ ಸಿಗ್ಲಿಲ್ಲ. ಅರ್ಧ ತೊಟ್ಟಿ ನೀರು ಉಳ್ದದೆ, ನೋಡು ಮಾರಾಯಾ.”